ಪಾಲ್ಮೊ ಹೇಳದ ಹೆಸರು

“ಯಜಮಾನ್ರ ಹೆಸರು ಕೇಳಿದ್ರೆ ಗೋಡೆ ನೋಡ್ತೀರಲ್ಲಮ್ಮ?” ಎಂದರು ಪೊಲೀಸಿನ ಗಂಗಾಧರಸ್ವಾಮಿ. ಕೇಳಿದ್ದು ಇದು ಮೂರನೆಯ ಸಲ. ಗೋಡೆಯ ಮೇಲೆ ನೋಡುವಂಥದ್ದೇನೂ ಇರಲಿಲ್ಲ, ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಒಂದು ಬಿಟ್ಟರೆ. ಆದರೂ ಪಾಲ್ಮೊ ಕಣ್ಣು ಕೀಳಲಿಲ್ಲ. ಬೆರಳುಗಳು ಮಾತ್ರ ಜಪಮಣಿಯನ್ನು ಒಂದೊಂದಾಗಿ ದಾಟಿಸುತ್ತಿದ್ದವು.

ಪಕ್ಕದಲ್ಲಿ ಕೂತಿದ್ದ ಮಗಳು ಯಾಂಗ್ಚೆನ್‌ಗೆ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಅಳಬೇಕೆನ್ನಿಸಿತು. ಗುಂಡ್ಲುಪೇಟೆಯ ಖಾಸಗಿ ನರ್ಸಿಂಗ್ ಹೋಮೊಂದರಲ್ಲಿ ಅವಳು ನರ್ಸು. ಊರಿನ ಅರ್ಧ ಜನಕ್ಕೆ ಅವಳ ಕೈಯ ಇಂಜೆಕ್ಷನ್ನಿನ ಪರಿಚಯವಿದೆ. ಹುಟ್ಟಿದ್ದು ಇದೇ ಜಿಲ್ಲೆಯ ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನಲ್ಲಿ, ಓದಿದ್ದು ಕೊಳ್ಳೇಗಾಲದಲ್ಲಿ. ಅವಳ ಕನ್ನಡ ಕೇಳಿದರೆ ನಂಜನಗೂಡಿನ ಆಚೆಯವರಿಗೆ ನಗು ಬರುವಷ್ಟು ಅವಳು ಈ ಸೀಮೆಯವಳು. ಆದರೂ ಸರ್ಕಾರದ ಲೆಕ್ಕದಲ್ಲಿ ವಿದೇಶಿ. ಎಂಬತ್ತೇಳರ ಜುಲೈಗೆ ಮುಂಚೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು ಕಾನೂನು ಹೇಳುತ್ತದೆಯಂತೆ. ಹೇಳಿದರೆ ಸಾಲದು, ಹುಟ್ಟಿದ್ದನ್ನು ತೋರಿಸಬೇಕು. ತೋರಿಸಿದರೆ ಪಾಸ್‌ಪೋರ್ಟು, ಅದು ಬಂದರೆ ವಯಸ್ಸಿನ ಮಿತಿ ದಾಟುವ ಮೊದಲು ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೊಂದು ಅರ್ಜಿ. ಇಷ್ಟೇ ಅವಳು ಕೇಳಿದ್ದು. ಜನನ ಪತ್ರ ಇಲ್ಲದ್ದರಿಂದ ಹೆತ್ತವಳ ಹೇಳಿಕೆ ಬೇಕೆಂದು ಚಾಮರಾಜನಗರದಿಂದ ಈ ಪೊಲೀಸಿನವರು ವಿಚಾರಣೆಗೆ ಬಂದಿದ್ದರು.

ಹೆತ್ತವಳು ಗೋಡೆ ನೋಡುತ್ತಿದ್ದಳು.

“ನೋಡಮ್ಮ ಸಿಸ್ಟರ್, ನನಗೆ ಕಷ್ಟ ಆಗತ್ತೆ,” ಎಂದರು ಗಂಗಾಧರಸ್ವಾಮಿ. ಕೆಟ್ಟ ಮನುಷ್ಯನಲ್ಲ, ಕೊಟ್ಟ ಟೀ ಕುಡಿದು ಲೋಟವನ್ನು ತಾವೇ ಒಳಗಿಟ್ಟು ಬಂದಿದ್ದರು. “ಒಬ್ಬಳೇ ಮುದುಕೀನ ನಾಕು ಜನಕ್ಕೆ ತಾಯಿ ಅಂತ ತೋರಿಸಿದ ಬ್ರೋಕರ್‌ಗಳನ್ನ ನೋಡಿದ್ದೀನಿ. ಗಂಡನ ಹೆಸರೇ ಗೊತ್ತಿಲ್ಲದ ಹೆಂಡತಿ ಅಂದ್ರೆ ಮೇಲಿನವರು ನನ್ನನ್ನ ಸುಮ್ನೆ ಬಿಡ್ತಾರಾ?”

“ಅಮ್ಮಂಗೆ ಗೊತ್ತು ಸರ್. ಅರ್ಜೀಲಿದೆಯಲ್ಲ, ನೀವೇ ಓದಿ ಹೇಳಿ, ಹೌದು ಅಂತಾಳೆ.”

“ನಾನೇ ಹೇಳಿ ನಾನೇ ಹೌದು ಅನ್ನಿಸ್ಕೊಂಡ್ರೆ ಅದೆಂಥ ವಿಚಾರಣೆ?”

ಯಾಂಗ್ಚೆನ್ ತಾಯಿಯ ಕಡೆ ವಾಲಿ ತಮ್ಮ ಭಾಷೆಯಲ್ಲಿ ಪಿಸುಗುಟ್ಟಿದಳು. “ಅಮಾ, ಬೇಕೂಂತ ಮಾಡ್ತಿದ್ದೀಯಾ?”

ಹಾಗೆ ಕೇಳಲು ಕಾರಣವಿತ್ತು. ಹಿಂದಿನ ದಿನ ಕ್ಯಾಂಪಿನಿಂದ ಮಗಳ ಬಾಡಿಗೆ ಮನೆಗೆ ಬಂದಿಳಿದಾಗಿನಿಂದಲೂ ಪಾಲ್ಮೊ ಮುಖ ಗಂಟಿಕ್ಕಿಕೊಂಡೇ ಇದ್ದಳು. ಮಗಳು ಭಾರತೀಯಳಾದರೆ ನಿರಾಶ್ರಿತರ ನೋಂದಣಿಯ ಆರ್‌ಸಿ ಪುಸ್ತಕ ವಾಪಸು ಕೊಟ್ಟುಬಿಡಬೇಕು, ಕ್ಯಾಂಪಿನ ಮನೆಯ ಮೇಲೆ ಹಕ್ಕು ಉಳಿಯುವುದಿಲ್ಲ ಎಂದೆಲ್ಲ ಕೇಳಿದ ಮೇಲಂತೂ ಊಟವನ್ನೂ ಸರಿಯಾಗಿ ಮಾಡಿರಲಿಲ್ಲ. ಪಾಲ್ಮೊಳ ತಂಗಿ ಇನ್ನೂ ಟಿಬೆಟ್ಟಿನ ಆಮ್ದೊದಲ್ಲೇ, ಚೀನಾದ ಆಡಳಿತದಲ್ಲೇ ಇದ್ದಾಳೆ. ಅವಳ ಮೊಮ್ಮಕ್ಕಳನ್ನು ದೂರದ ಚೀನೀ ಹಾಸ್ಟೆಲ್ ಶಾಲೆಗೆ ಹಾಕಿದ್ದಾರೆ, ಈಗ ಅವು ಅಜ್ಜಿಯ ಜೊತೆ ತಮ್ಮ ಭಾಷೆಯಲ್ಲಿ ಮಾತಾಡಲು ತಡವರಿಸುತ್ತವಂತೆ. ಅದನ್ನು ಹೇಳಿದ್ದೇ ಕೊನೆ, ಇನ್ನು ಫೋನ್ ಮಾಡಬೇಡ ಎಂದು ಆ ತಂಗಿಯೇ ಹೇಳಿದಳು. “ಅಲ್ಲಿ ಕಿತ್ತುಕೊಳ್ಳುತ್ತಾರೆ. ಇಲ್ಲಿ ನೀನೇ ಕೈಯಾರೆ ಕೊಡುತ್ತಿದ್ದೀಯೆ,” ಎಂದಿದ್ದಳು ಪಾಲ್ಮೊ. ಮಗಳು ಏನೋ ಒರಟಾಗಿ ಅಂದಿದ್ದಳು. ಇಬ್ಬರೂ ಬೆನ್ನು ಮಾಡಿ ಮಲಗಿದ್ದರು.

“ನಾನು ಬೇಕೂಂತ ಮಾಡೋಳಲ್ಲ. ನಿನಗೆ ಗೊತ್ತಲ್ಲ,” ಎಂದಷ್ಟೇ ಹೇಳಿ ಪಾಲ್ಮೊ ಮತ್ತೆ ಮಣಿಗೆ ಕೈ ಹಾಕಿದಳು. ಯಾಂಗ್ಚೆನ್‌ಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಇನ್ನಷ್ಟು ಸಿಟ್ಟು ಬಂತು.

ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ದೊಡ್ಡಮಾದಮ್ಮ ಇಷ್ಟು ಹೊತ್ತು ಬಾಯಿ ಹಾಕದೆ ಇದ್ದುದೇ ದೊಡ್ಡ ವಿಷಯ. ಮನೆಯ ಒಡತಿ ಅವಳು. ನೆರೆಯವರ ಸಾಕ್ಷಿಯೂ ಬೇಕೆಂದು ಕರೆಸಿದ್ದರು.

“ಅಯ್ಯೋ ಬುಡಪ್ಪ ಸ್ವಾಮಿ,” ಎಂದಳು. “ಕಟ್ಕಂಡ್ ಗಂಡನ ಎಸ್ರ ಯಾರಾರ ಏಳಾರಾ? ನಮ್ ಯಜಮಾನ್ರ ಎಸ್ರ ನಾನೂ ಏಳ್ತಿರ್ನಿಲ್ಲ. ರೇಸನ್ ಕಾರ್ಡ್‌ನೋರು ಬಂದ್ರೆ, ವಾರದಾಗೆ ಸಿವನ ದಿನ ಯಾವ್ದು ನೋಡ್ಕ ಓಗಪ್ಪ ಅಂತಿದ್ದೆ. ಸೋಮಣ್ಣ ಅಂತ ಅವ್ರೇ ಬರ್ಕೊಳ್ಳೋರು.”

ಪಾಲ್ಮೊ ಮೊದಲ ಸಲ ಗೋಡೆಯಿಂದ ಮುಖ ತಿರುಗಿಸಿದಳು. ಒಡೆಯರಪಾಳ್ಯದ ಜೋಳದ ಹೊಲಗಳಲ್ಲಿ ಕೂಲಿಗೆ ಬರುತ್ತಿದ್ದ ಹೆಂಗಸರಿಂದ ಕಲಿತ ಕನ್ನಡ ಅವಳದು. ಆ ಹೆಂಗಸರ ಹಾಗೆಯೇ ಇತ್ತು.

“ಅಂಗಲ್ಲ ಕಣವ್ವ. ಗಂಡ ಅಂತಲ್ಲ. ಬದುಕಿದ್ದಾಗ ದಿನಕ್ಕೆ ನೂರ್ ಸಲ ಕೂಗ್ತಿದ್ದೆ. ಗಿಣಿ ಓಡ್ಸಕೆ ಓಗು, ಆನೆ ಬಂತು, ಟೀ ಕುಡಿಯಾಕ್ ಬಾ, ಎಲ್ಲಕ್ಕೂ ಎಸ್ರೇಯ. ಈಗ ಓಗ್ಬುಟ್ಟವ್ರೆ. ಸತ್ತೋರ ಎಸ್ರ ನಮ್ಮೂರ ಕಡೆ ಏಳಕಿಲ್ಲ. ಏಳುದ್ರೆ, ಓಗ್ತಾ ಇರೋರು ತಿರುಗಿ ನೋಡ್ತಾರೆ. ಅವ್ರಿಗೂ ಕಷ್ಟ, ನಮ್ಗೂ ಕಷ್ಟ.”

ಗಂಗಾಧರಸ್ವಾಮಿ ಪೆನ್ನಿನ ಕ್ಯಾಪು ಹಾಕಿದರು. ಅವರ ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಅಡಚಣೆಗೆ ಯಾವ ಸುತ್ತೋಲೆಯೂ ಬಂದಿರಲಿಲ್ಲ.

“ಸರಿ, ಹೆಸರು ಆಮೇಲೆ ನೋಡೋಣ. ಮಗಳು ಹುಟ್ಟಿದ್ದು ಹೇಳಿ. ಯಾವ ವರ್ಷ?”

“ಬೆಂಕಿ ಉಲಿ ವರ್ಸ.”

“ಹುಲಿ ವರ್ಷ?”

“ನಮ್ಮಲ್ಲಿ ಎಲ್ಲಾ ವರ್ಸನೂ ಉಲಿ ವರ್ಸನೇ ಕಣವ್ವ,” ಎಂದು ದೊಡ್ಡಮಾದಮ್ಮ ನಕ್ಕಳು. “ಮೊನ್ನೆ ಕಾಡಂಚ್ನ ಮದ್ದೂರ್ ತಾವ ಕೊಟ್ಗೇಲಿದ್ ಅಸಾನೇ ಇಡ್ಕಂಡೋಯ್ತು.”

ಯಾಂಗ್ಚೆನ್ ನಡುವೆ ಬಾಯಿ ಹಾಕಿ, ಅದು ತಮ್ಮ ಪಂಚಾಂಗದ ಲೆಕ್ಕ, ಎಂಬತ್ತಾರು ಎಂದಳು. ಗಂಗಾಧರಸ್ವಾಮಿ ಅವಳನ್ನು ಕೈಯಲ್ಲೇ ಸುಮ್ಮನಿರಿಸಿ, ಮೊಬೈಲಿನಲ್ಲಿ ಹುಡುಕಿ ನೋಡಿ ತಲೆಯಾಡಿಸಿದರು. “ಮುಂದೆ ಹೇಳಿ.”

ಪಾಲ್ಮೊ ಹೇಳಿದಳು. ಗೌರಿ ಹಬ್ಬದ ವಾರ. ಜೋಳ ಹಾಲು ತುಂಬಿದ್ದ ಹೊತ್ತು, ಕಾವಲಿಗೆ ಗಂಡ ಹೆಂಡತಿ ಇಬ್ಬರೂ ಹೊಲದಲ್ಲೇ. ಮಧ್ಯಾಹ್ನ ನೋವು ಕಾಣಿಸಿಕೊಂಡಿತು. ಹಳ್ಳ ತುಂಬಿ ಬಂದು ದಾರಿ ಮುಚ್ಚಿತ್ತು. ಆ ಮನುಷ್ಯ ಹಳ್ಳದ ದಡಕ್ಕೆ ಓಡಿದ, ಸೂಲಗಿತ್ತಿಯನ್ನು ಕೂಗಿದ, ಆಚೆ ದಡದಿಂದ ಅವಳು ಹೇಳಿದ್ದನ್ನು ಕೇಳಿಸಿಕೊಂಡು ಹೊಲಕ್ಕೆ ಓಡಿ ಬಂದ. ಹಾಗೆ ಓಡಾಡುತ್ತಲೇ ಹೆರಿಗೆ ಮಾಡಿಸಿದ. ಜೋಳ ಕೊಯ್ಯುವ ಕುಡುಗೋಲನ್ನು ಟೀ ಪಾತ್ರೆಯಲ್ಲಿ ಕುದಿಸಿ ಹೊಕ್ಕುಳ ಬಳ್ಳಿ ಕೊಯ್ದ. ಕೊಯ್ದಾದ ಮೇಲೆ ತಲೆ ಸುತ್ತಿ ತಾನೇ ಬಿದ್ದ.

“ಮಗೀನೂ ಅಳ್ತಿತ್ತು, ಅವ್ರೂ ಬಿದ್ದಿದ್ರು. ನಾನೇ ಎದ್ದು ಅವ್ರ ಮುಖಕ್ಕೆ ನೀರಾಕ್ದೆ,” ಎಂದಳು ಪಾಲ್ಮೊ. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಬಂದಿತ್ತು. “ಮಾರನೇ ದಿನ ನೀರಿಳೀತು. ಸೂಲಗಿತ್ತಿ ಬಂದು, ಗೌರಮ್ಮನೇ ಬಂದವ್ಳೆ ಅಂತ ಇವ್ಳ ಅಣೇಗೆ ಕುಂಕುಮ ಇಟ್ಲು.”

ಈ ಕಥೆಯನ್ನು ಯಾಂಗ್ಚೆನ್ ಕೇಳಿಯೇ ಇರಲಿಲ್ಲ. ಹೆಸರು ಹೇಳಬಾರದೆಂದು ಸುಮ್ಮನಾದವರು ಕ್ರಮೇಣ ಆ ಮನುಷ್ಯನ ವಿಷಯವನ್ನೇ ಬಿಟ್ಟುಬಿಟ್ಟಿದ್ದರು. ಅಪ್ಪ ತಲೆ ಸುತ್ತಿ ಬಿದ್ದದ್ದು ಗೊತ್ತಾಗಲು ಪೊಲೀಸು ಬರಬೇಕಾಯಿತು. ಅವಳಿಗೆ ತಾಯಿಯ ಮೇಲೆ ಹೊಟ್ಟೆಕಿಚ್ಚಾಯಿತು, ಇಷ್ಟನ್ನೆಲ್ಲ ಒಬ್ಬಳೇ ಇಟ್ಟುಕೊಂಡಿದ್ದಾಳಲ್ಲ ಎಂದು.

“ಇವರು ಹೆತ್ತಿದ್ದು ಹೌದು. ಅದರಲ್ಲಿ ನನಗೆ ಅನುಮಾನ ಇಲ್ಲ,” ಎಂದು ಗಂಗಾಧರಸ್ವಾಮಿ ಪೆನ್ನು ಬಿಚ್ಚಿ ಬರೆದರು. ಬರೆದು ಒಂದು ಜಾಗ ಖಾಲಿ ಬಿಟ್ಟರು. “ಇದೊಂದನ್ನ ಬಿಡೋಕಾಗಲ್ಲ. ಈ ಮನೇಲಿ ಯಾರಾದ್ರೂ ಒಬ್ಬರು ಬಾಯಿ ಬಿಟ್ಟು ಹೇಳಿ. ಈ ತಾಯಿ ಹೂಂ ಅಂದ್ರೆ ಸಾಕು. ಇಲ್ದಿದ್ರೆ ಸರಿಯಾದ ಹೇಳಿಕೆ ಇಲ್ಲ ಅಂತ ಬರೆದು ಹೋಗಬೇಕಾಗತ್ತೆ.”

ಊಟಿ ರಸ್ತೆಯಲ್ಲಿ ಕೇರಳದ ಲಾರಿಯೊಂದು ಹಾರನ್ ಹೊಡೆಯುತ್ತ ಹೋಯಿತು. ದೊಡ್ಡಮಾದಮ್ಮ ಎದ್ದು ಹೊರಗೆ ಉಗಿದು ಬಂದು, ಈ ಸಲ ಬಾಗಿಲಲ್ಲಿ ಕೂರದೆ ಪಾಲ್ಮೊಳ ಮುಂದೆಯೇ ಕೂತಳು.

“ಒಂದ್ ಮಾತ್ ಏಳ್ತೀನಿ ಕೇಳವ್ವ. ನಮ್ಮೋರು ಇದ್ದಾಗ ಅವ್ರ ಎಸ್ರ ನಾನು ಒಂದ್ ದಿನಾನೂ ಬಾಯಲ್ ಎತ್ತಿರ್ನಿಲ್ಲ. ಓದ್ ಮೇಲೆ ಒಂದ್ ದಿನ ಇತ್ಲಲ್ ಪಾತ್ರೆ ಬೆಳಗ್ತಾ ಇದ್ದೆ. ಯಾರೂ ಇರ್ನಿಲ್ಲ. ಅದೇನ್ ಬಂತೋ, ಸೋಮಣ್ಣಾ ಅಂತ ಕೂಗ್ಬುಟ್ಟೆ. ಜೋರಾಗೇ ಕೂಗ್ಬುಟ್ಟೆ.”

“ಆಮೇಲೆ?” ಎಂದಳು ಪಾಲ್ಮೊ.

“ಆಮೇಲೇನು? ಯಾರು ಓ ಅಂದಾರು?” ದೊಡ್ಡಮಾದಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಆದ್ರೆ ಚೆಂದಾಗಿತ್ತು ಕಣವ್ವ, ಕೂಗಕೆ. ಇದ್ದಾಗ್ಲೇ ಕೂಗ್ಬೇಕಾಗಿತ್ತು.”

ಪಾಲ್ಮೊ ಮಗಳ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಹೇಳಿದಳು. “ನನ್ನ ನಾಲಿಗೆ ಏಳುವುದಿಲ್ಲ. ನನ್ನನ್ನು ಬಿಟ್ಟುಬಿಡು. ನೀನು ಬಾಳಬೇಕಾದದ್ದು ಇಲ್ಲಿ. ಇಲ್ಲಿ ಮಕ್ಕಳು ಅಪ್ಪನ ಹೆಸರು ಹೇಳುತ್ತಾರೆ. ಹೇಳು.”

ಇದಕ್ಕಿಂತ ಸುಲಭದ್ದು ಇನ್ನೇನಿತ್ತು? ಆ ಹೆಸರನ್ನು ಯಾಂಗ್ಚೆನ್ ಅರ್ಜಿಗಳ ಮೇಲೆ ಎಷ್ಟು ಸಲ ಬರೆದಿದ್ದಳೋ ಲೆಕ್ಕವಿಲ್ಲ. ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ನೀರು ಕುಡಿದು ಮತ್ತೆ ತೆರೆದಳು. ಅಪ್ಪ ತೀರಿಕೊಂಡ ದಿನದಿಂದ ಆ ಹೆಸರು ತನ್ನ ಕಿವಿಗೂ ಬಿದ್ದಿಲ್ಲ, ನಾಲಿಗೆಗೂ ಬಂದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಯಾರೂ ತಡೆದಿರಲಿಲ್ಲ, ತಾನೇ ಹೇಳಿರಲಿಲ್ಲ. ತಾಯಿಯದೇ ಹಟ ಎಂದು ಬೆಳಗಿನಿಂದ ಬೈದುಕೊಂಡವಳು ಈಗ ತಾನೂ ಗೋಡೆ ನೋಡತೊಡಗಿದಳು. ಕಣ್ಣಲ್ಲಿ ನೀರು ತುಂಬಿ ಬಂತು.

ಗಂಗಾಧರಸ್ವಾಮಿ ಗಡಿಯಾರ ನೋಡಲಿಲ್ಲ. ಅದೊಂದು ಅವರ ದೊಡ್ಡತನ.

“ಹೇಳು,” ಎಂದಳು ಪಾಲ್ಮೊ ಮತ್ತೊಮ್ಮೆ.

“ಗೋನ್ಪೊ ಕ್ಯಾಬ್,” ಎಂದಳು ಯಾಂಗ್ಚೆನ್. ಅವಳ ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ.

“ಹೌದೇನಮ್ಮ?” ಎಂದು ಗಂಗಾಧರಸ್ವಾಮಿ ತಾಯಿಯನ್ನು ಕೇಳಿದರು. ಪಾಲ್ಮೊ ಕಣ್ಣು ಮುಚ್ಚಿದ್ದಳು. ಜಪಮಣಿ ನಿಂತಿತ್ತು. ಅವಳು ಹೂಂ ಎನ್ನಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ಮಗಳ ಮೊಣಕಾಲು ಹಿಡಿದುಕೊಂಡಳು.

“ಇನ್ನೊಂದ್ ಸಲ ಏಳು ಕಣಮ್ಮಿ,” ಎಂದಳು ಕನ್ನಡದಲ್ಲೇ. “ಜೋರಾಗ್ ಏಳು.” ಗಂಗಾಧರಸ್ವಾಮಿ ಅದನ್ನೇ ಹೂಂ ಎಂದುಕೊಂಡು ಖಾಲಿ ಬಿಟ್ಟ ಜಾಗಕ್ಕೆ ಪೆನ್ನು ಊರಿದರು.

ಯಾಂಗ್ಚೆನ್ ಮೂಗು ಒರೆಸಿಕೊಂಡು, ತೆರೆದ ಬಾಗಿಲ ಕಡೆ ಮುಖ ಮಾಡಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಎದುರು ಮನೆಯ ಜಗಲಿಯಲ್ಲಿ ಚೆಂಡುಹೂ ಕಟ್ಟುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ, ಯಾರು ಬಂದರೆಂದು ಬೀದಿಯ ಕಡೆ ಬಗ್ಗಿ ನೋಡಿದರು.