ಎತ್ತಿದ ಕಾಲು

ನಮ್ಮ ಮೇಳದಲ್ಲಿ ಜಾಡಿ ಊದುವವನು ನಾನು. ಇಪ್ಪತ್ತೆರಡು ವರ್ಷದಿಂದ ನಾನೇ. ಅಜ್ಜನ ಕಾಲದ ಕಂದು ವಿಸ್ಕಿ ಜಾಡಿ. ಬಾಯಿಗೆ ತಾಗಿಸದೆ ಒಂದು ಬೆರಳು ದೂರ ಹಿಡಿದು ತುಟಿ ಅದುರಿಸಿದರೆ ಗೂಳಿ ಗುಟುರು ಹಾಕಿದಂತೆ ಸದ್ದು ಬರುತ್ತದೆ. ಒಹಾಯೋ ನದಿಯ ಈ ದಂಡೆಯಲ್ಲಿ ನನ್ನಂತೆ ಊದುವವರಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಬೇರೆ ಯಾರೂ ಊದುತ್ತಲೂ ಇರಲಿಲ್ಲ, ಆ ಮಾತು ಬೇರೆ.

ಆಮೇಲೆ ಡೆಲ್ಫೀನ್ ಬಂದಳು. ಶಾಲೆಯ ಬಸ್ಸು ಓಡಿಸುವವಳು. ಬೆರಳಿಗೆ ತಗಡಿನ ಟೋಪಿ ಹಾಕಿಕೊಂಡು ತಾಳಕ್ಕೆ ವಾಶ್‌ಬೋರ್ಡ್, ಅಂದರೆ ಬಟ್ಟೆ ಒಗೆಯುವ ಏಣುಏಣಿನ ಹಲಗೆ, ಉಜ್ಜಲೆಂದು ಸೇರಿದವಳು, ಒಂದು ದಿನ ಕೇಳದೆಯೇ ನನ್ನ ಜಾಡಿ ಎತ್ತಿ ಊದಿದಳು. ಗಿಟಾರಿನ ಆಂಬ್ರೋಸ್ ನುಡಿಸುವುದನ್ನೇ ನಿಲ್ಲಿಸಿದ. ಅಷ್ಟು ಆಳದ ಸ್ವರ ಅದರೊಳಗಿದೆಯೆಂದು ನನಗೇ ಗೊತ್ತಿರಲಿಲ್ಲ. ಮನೆಗೆ ಹೋಗಿ ಜಾಡಿಯನ್ನು ಸೋಪು ಹಾಕಿ ತೊಳೆದೆ. ಮುಂದಿನ ವಾರ ಅವಳು ತನ್ನದೇ ಜಾಡಿ ತಂದಳು.

ಆ ವಸಂತದಲ್ಲೇ ನನ್ನ ಮುಂದಿನ ನಾಲ್ಕು ಹಲ್ಲು ಹೋಗಿ ಕಟ್ಟಿಸಿದ ಹಲ್ಲು ಬಂದಿತ್ತು. ಉಸಿರು ಸೋರುತ್ತಿತ್ತು.

ಚರ್ಚಿನ ಅಂಗಳದಲ್ಲಿ ಮೀನು ಕರಿಯುವ ಶನಿವಾರ ಆಂಬ್ರೋಸ್ ಹೇಳಿದ: "ಮುಂದಿನ ತಿಂಗಳು ದೋಣಿಗಟ್ಟೆ ಹಬ್ಬ. ಎರಡು ಜಾಡಿ ಒಂದೇ ಕೊಟ್ಟಿಗೇಲಿ ಎರಡು ಗೂಳಿ ಕಟ್ಟಿದ ಹಾಗೆ. ಇವತ್ತು ಇಬ್ಬರೂ ಊದಿ. ಜಾಡಿಗೆ ಒಬ್ಬರನ್ನೇ ಕರ್ಕೊಂಡು ಹೋಗ್ತೀನಿ."

"ಯಾರನ್ನ ಅಂತ ಮೊದಲೇ ಮನಸ್ಸಲ್ಲಿ ಇಟ್ಕೊಂಡಿದೀಯ" ಎಂದೆ.

"ಲೂಶಿಯಸ್, ಬಾಯಿ ಮುಚ್ಚಿ ಊದೋ."

"ಬಾಯಿ ಮುಚ್ಚಿ ಹೇಗೋ ಊದೋದು?" ಎಂದು ಬೋರಲು ಹಾಕಿದ ಟಬ್ಬಿಗೆ ಬಿಗಿದ ಹಗ್ಗ ಮೀಟುವ ಕ್ಲೀಟಸ್ ನಕ್ಕ.

ನಮ್ಮಲ್ಲೊಂದು ಕಟ್ಟಳೆ ಇದೆ. ಹಾಡು ಶುರುಮಾಡಿದವನು ಕಾಲೆತ್ತಿದರೆ ಅದೇ ಕೊನೆಯ ಸುತ್ತು. ಸುತ್ತು ಮುಗಿದೊಡನೆ ಎಲ್ಲರೂ ನಿಲ್ಲಬೇಕು. ಆ ಕಾಲು ನೆಲಕ್ಕೆ ಬೀಳುವ ತನಕ ಯಾರೂ ಮತ್ತೆ ತಂತಿ ಮುಟ್ಟುವಂತಿಲ್ಲ.

ಹಾಡು ನಾನೇ ಶುರುಮಾಡಿದೆ. ನನ್ನ ಸುತ್ತಿನಲ್ಲಿ ಗೂಳಿಯ ಬದಲು ನೀರು ಕುದಿಯುವ ಕೆಟಲ್ ಕೂಗಿತು.

"ಏನಣ್ಣಾ, ಜಾಡಿ ಹಾಡ್ತಿದೆಯೋ ಹಲ್ಲು ಹಾಡ್ತಿದೆಯೋ?" ಎಂದ ಕ್ಲೀಟಸ್.

ಡೆಲ್ಫೀನಳ ಸರದಿ ಬಂತು. ಅವಳು ಕಣ್ಣು ಮುಚ್ಚಿದಳು. ಅರ್ಧ ಸುತ್ತಿಗೇ ಜನ ಮೀನಿನ ತಟ್ಟೆ ಕೆಳಗಿಟ್ಟರು. ಇಪ್ಪತ್ತೆರಡು ವರ್ಷದಲ್ಲಿ ನನಗಾಗಿ ಒಬ್ಬನೂ ತಟ್ಟೆ ಕೆಳಗಿಟ್ಟಿರಲಿಲ್ಲ. ನನ್ನ ಕಾಲು ಮೇಲೆದ್ದಿತು.

ಎಲ್ಲರೂ ನೋಡಿದರು, ಕಣ್ಣು ಮುಚ್ಚಿದ್ದ ಅವಳೊಬ್ಬಳನ್ನು ಬಿಟ್ಟು. ಸುತ್ತು ಮುಗಿಯಿತು, ಗಿಟಾರ್ ನಿಂತಿತು, ಟಬ್ಬು ನಿಂತಿತು. ಈಗ ಎಡವುತ್ತಾಳೆ ಎಂದುಕೊಂಡೆ. ಅವಳು ಎಡವಲಿಲ್ಲ. ಒಬ್ಬಳೇ ಊದುತ್ತಾ ಹೋದಳು, ಇನ್ನೂ ಕೆಳಕ್ಕೆ, ಇನ್ನೂ ನಿಧಾನಕ್ಕೆ. ಮುಂದಿನ ಸಾಲಿನ ಅರ್ವೆಲ್ಲಾ ಅಜ್ಜಿ ಕೋಲು ಕುಟ್ಟತೊಡಗಿದಳು.

ನಾನು ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತಿದ್ದೆ.

"ಇಳಿಸೋ ಕಾಲು!" ಆಂಬ್ರೋಸ್ ಹಲ್ಲು ಕಚ್ಚಿ ಪಿಸುಗುಟ್ಟಿದ. "ಹುಡುಗಿ ಒಬ್ಬಳೇ ಇದಾಳೆ!"

"ಇಳ್ಸಲ್ಲ."

ಇಳಿಸುವ ಮನಸ್ಸು ಖಂಡಿತ ಇರಲಿಲ್ಲ. ಆದರೆ ಮಂಡಿ ನಡುಗಹತ್ತಿತ್ತು, ಎತ್ತಿದ ಪಾದ ಗಾಳಿಯಲ್ಲೇ ಅವಳ ತಾಳಕ್ಕೆ ಅಲ್ಲಾಡುತ್ತಿತ್ತು. ಧಪ್ಪೆಂದು ಬಿತ್ತು, ಸರಿಯಾಗಿ ತಾಳದ ಮೇಲೆ. ಆ ಏಟಿಗೇ ಗಿಟಾರು, ಟಬ್ಬು ಎಲ್ಲ ಒಟ್ಟಿಗೆ ನುಗ್ಗಿದವು. ಅಂಗಳ ಎದ್ದು ನಿಂತಿತು.

ಮುಗಿದ ಮೇಲೆ ಡೆಲ್ಫೀನ್ ಕಣ್ಣು ಬಿಟ್ಟಳು. "ನಡುವೆ ಎಲ್ಲಿಗೆ ಹೋಗಿದ್ರಿ ಎಲ್ಲಾ?"

"ಅವನನ್ನ ಕೇಳು" ಎಂದ ಆಂಬ್ರೋಸ್.

"ನಾನು ಕಾಲೆತ್ತಿದೆ" ಎಂದೆ. "ನಿನ್ನ ನಿಲ್ಸೋಕೆ."

ಅವಳು ನನ್ನ ಮುಖವನ್ನೇ ನೋಡಿದಳು. "ನಾನು ನಿಲ್ಲಲಿಲ್ವಲ್ಲ."

"ಇಲ್ಲ."

"ಹಾಗಾದ್ರೆ ಹಬ್ಬಕ್ಕೆ ಯಾರು ಅಂತ ನೀನೇ ಹೇಳು, ಲೂಶಿಯಸ್" ಎಂದ ಆಂಬ್ರೋಸ್.

ಅವಳ ಹೆಸರು ಹೇಳಿದೆ. ಅದನ್ನು ಹೇಳುವಾಗಲೂ ಹಲ್ಲು ಶಿಳ್ಳೆ ಹಾಕಿತು.

ಹಬ್ಬದ ದಿನ ನಾನು ವಾಶ್‌ಬೋರ್ಡ್ ಉಜ್ಜಿದೆ. ಈಗಲೂ ಅದನ್ನೇ ಉಜ್ಜುತ್ತೇನೆ. ಹೊಟ್ಟೆಯುರಿ ಹೋಗಿಲ್ಲ, ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಅವಳು ಕಣ್ಣು ಮುಚ್ಚಿದಾಗಲೆಲ್ಲ ಎರಡೂ ಪಾದಗಳನ್ನು ಕುರ್ಚಿಯ ಕಾಲಿಗೆ ಸುತ್ತಿಕೊಂಡು ಕೂರುತ್ತೇನೆ.