ಆತ್ರಿ ಪದದ ಮೂವತ್ತಾರು ಅರ್ಥಗಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ನನ್ನಂಥ ಕಥೆಗಾರನಿಗೆ ಈ ಪ್ರಶ್ನೆ ಬರಲೇಬಾರದು. ಹೋದ ವರ್ಷ ನಾನು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ನಿಂತು ಒಂದು ಕಥೆಯ ಮೊದಲ ವಾಕ್ಯ ಹೇಳಿದ್ದೇ ತಡ, ಇಡೀ ಅಂಗಳದ ಮೆಣಸಿನಕಾಯಿ ಖಾರ ಬಿಟ್ಟು ಬೆಲ್ಲದ ಹಾಗೆ ಸಿಹಿಯಾಗಿಬಿಟ್ಟಿತು. ವ್ಯಾಪಾರಿಗಳು ಅತ್ತು ಕರೆದು ಕೈಮುಗಿದ ಮೇಲೆ ಎರಡನೇ ವಾಕ್ಯ ಹೇಳಿ ಖಾರ ವಾಪಸ್ ತರಿಸಿಕೊಟ್ಟೆ. (ನಂಬುವುದಿಲ್ಲವೆ? ಬಿಡಿ. ಸಾಕ್ಷಿಗೆಂದು ತೆಗೆದಿಟ್ಟಿದ್ದ ನಾಲ್ಕು ಸಿಹಿ ಕಾಯಿಗಳನ್ನು ಮನೆಯಲ್ಲಿ ಯಾರೋ ಸಾರಿಗೆ ಹಾಕಿದ್ದಾರೆ.)

ಇಂಥ ನಾನೇ ಈ ಕಥೆಯನ್ನು ಶುರು ಮಾಡಿ ಮಾಡಿ ಹರಿದು ಹಾಕಿದ್ದೇನೆ. ಮೊದಲ ಡ್ರಾಫ್ಟು ಹೀಗಿತ್ತು: ‘ಢಂ ಎಂದು ಗುಂಡು ಹಾರಿತು.’ ಪೊಲೀಸರ ಕಥೆ ಎಂದ ಮೇಲೆ ಒಂದು ಗುಂಡಾದರೂ ಬೇಡವೆ? ಆದರೆ ಕಥಾನಾಯಕ ಡಾ. ವಿಜಯಮಹಾಂತೇಶ ಕನ್ನಡಕ ಮೇಲೇರಿಸಿ ತಕರಾರು ತೆಗೆದರು.

“ಯಾವ ಗುಂಡು ರೀ? ನಂದು ಪವರ್‌ಪಾಯಿಂಟ್ ಕೆಲಸ. ಪ್ರೊಜೆಕ್ಟರಿನ ಬಲ್ಬ್ ಒಡದ್ರ ಅಷ್ಟ ನಮ್ಮಲ್ಲಿ ಸಪ್ಪಳ.”

ಗುಂಡನ್ನು ಹೊಡೆದು ಹಾಕಿದೆ. (ಪೆನ್ನಿನಿಂದ.)

೨

ಡಾಕ್ಟರು ಎಂದರೆ ಸೂಜಿ ಚುಚ್ಚುವವರಲ್ಲ. ಕರ್ಜಗಿ ಊರಿನವರು, ಕಾಲೇಜಿನಲ್ಲಿ ಆಡಳಿತಶಾಸ್ತ್ರ ಕಲಿಸಿ ನಿವೃತ್ತರಾದವರು. ಈಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸುತ್ತಿ ಪೊಲೀಸ್ ಅಧಿಕಾರಿಗಳಿಗೆ ನಾಯಕತ್ವ ಕಲಿಸುವ ಪರಿಣತರು. ಒಬ್ಬರೇ ಅಲ್ಲ, ಜೋಡಿ. ಇನ್ನೊಬ್ಬರು ಮೇಡ್ಲೇರಿಯ ಅಲ್ಲಾಬಕ್ಷ, ನಿವೃತ್ತ ಡಿವೈಎಸ್ಪಿ. ಡಾಕ್ಟರಿಗೆ ಪುಸ್ತಕ ಗೊತ್ತು, ಸಾಹೇಬರಿಗೆ ಠಾಣೆ ಗೊತ್ತು. ಡಾಕ್ಟರು ‘ಲೀಡರ್‌ಶಿಪ್’ ಎಂದರೆ ಸಾಹೇಬರು ಪಕ್ಕದಿಂದ, “ಅಂದ್ರ ಬಿಸಲಾಗ ನಿಂತ ಹುಡುಗಗ ಮೊದ್ಲ ನೀರ್ ಕೊಡೂದು” ಎನ್ನುತ್ತಿದ್ದರು. ಹಾಗೆ ನಡೆದಿತ್ತು ಸಂಸಾರ.

ಅವರ ಹೆಸರುವಾಸಿ ಪಾಠ ಒಂದೇ: ಮೇಲಧಿಕಾರಿಗೆ ‘ಇಲ್ಲ ಸರ್’ ಎನ್ನುವುದು ಹೇಗೆ. ಅಲ್ಲಾಬಕ್ಷ ಮೇಲಧಿಕಾರಿಯಾಗಿ ಕುರ್ಚಿಯಲ್ಲಿ ಕೂತು ಒಂದು ತಪ್ಪು ಆರ್ಡರ್ ಕೊಡುವರು. ಎದುರು ನಿಂತ ಸಬ್ ಇನ್ಸ್‌ಪೆಕ್ಟರ್ ‘ಇಲ್ಲ’ ಎನ್ನಬೇಕು. ಯಾರೂ ಎನ್ನುತ್ತಿರಲಿಲ್ಲ. ಹಿಮ್ಮಡಿ ಜೋಡಿಸಿ “ಆತ್ರಿ ಸರ್” (ಆಯ್ತು ರೀ ಸರ್) ಎಂದುಬಿಡುತ್ತಿದ್ದರು. ಆಗ ಡಾಕ್ಟರು ಎದ್ದು, “ಆತ್ರಿ ಅಂದ್ರ ಏನ್ರಿ?” ಎಂದು ಪರದೆಯ ಮೇಲೆ ತೋರಿಸುತ್ತಿದ್ದರು: ತಿಳಿಯಿತು. ಮಾಡುತ್ತೇನೆ. ಮಾಡಿಯಾಯಿತು. ಮಾಡುವುದಿಲ್ಲ, ನಿಮ್ಮೆದುರು ಹೇಳಲಾರೆ. ಮಾತು ಮುಗಿಸಿ, ಫೋನ್ ಇಡಿ. ನೋವಾಯಿತು, ನೀವು ದೊಡ್ಡವರು. ಹೀಗೆ ಈ ಒಂದೇ ಪದಕ್ಕೆ ಡಾಕ್ಟರು ಮೂವತ್ತಾರು ಅರ್ಥ ಕಂಡುಹಿಡಿದು, ಲಂಡನ್ನಿನಿಂದ ವಿಮಾನ ಮಾಡಿಕೊಂಡು ಜನ ಬಂದು...

“ಆರು ರೀ,” ಡಾಕ್ಟರು ನಡುವೆ ಬಾಯಿ ಹಾಕಿದರು. “ಆರ ಅರ್ಥ. ಲಂಡನ್ನಿನಿಂದ ಯಾರೂ ಬಂದಿಲ್ಲ. ಧಾರವಾಡದಿಂದ ಒಬ್ರು ಬಂದಿದ್ರು, ಅವರೂ ಬಸ್ಸಿಗೆ.”

(ಶೀರ್ಷಿಕೆ ಆಗಲೇ ಬರೆದಾಗಿದೆ. ಬದಲಾಯಿಸುವುದಿಲ್ಲ.)

೩

ಬ್ಯಾಡಗಿಯ ಒಂದು ಚಹಾದಂಗಡಿಯಲ್ಲಿ ಅಲ್ಲಾಬಕ್ಷ ಡಾಕ್ಟರಿಗೆ ಒಂದು ಮಾತು ಹೇಳಿದ್ದರು. ಯಾರಿಗೂ ಹೇಳಿರದ ಮಾತು. ಪ್ರಾಯದಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದಾಗ, ಗಳಗನಾಥದ ಸಂಗಮದಲ್ಲಿ ಸಂಕ್ರಾಂತಿಯ ಸ್ನಾನಕ್ಕೆ ಜನ ನೆರೆದಿದ್ದರು. ಸುಳಿ ಇದ್ದ ಕಡೆ ಇಬ್ಬರು ಪೇದೆಗಳನ್ನು ನಿಲ್ಲಿಸಿದ್ದರು. ವೈರ್‌ಲೆಸ್ಸಿನಲ್ಲಿ ಮೇಲಿನವರ ಆರ್ಡರ್ ಬಂತು: ಯಾರೋ ದೊಡ್ಡವರ ಕಾರು ಹಾಯುತ್ತದೆ, ಆ ಇಬ್ಬರನ್ನು ರಸ್ತೆಗೆ ಕಳಿಸು. ತಪ್ಪೆಂದು ಗೊತ್ತಿತ್ತು. “ಆತ್ರಿ ಸರ್” ಅಂದರು. ಕಾರು ಹೋಯಿತು. ಪೇದೆಗಳು ವಾಪಸ್ ಬರುವಷ್ಟರಲ್ಲಿ ಒಂದು ಹುಡುಗಿ ಮುಳುಗಿದ್ದಳು.

ಡಾಕ್ಟರು ಚಹಾ ಕುಡಿದು ಮುಗಿಸಿದರು. ಆಮೇಲೆ ಅವರೊಳಗಿನ ಮೇಷ್ಟರು ಎದ್ದು ಕೂತರು.

“ಸಾಹೇಬ್ರ, ಇದನ್ನ ಮಾಡ್ಯೂಲಿನಾಗ ಹಾಕ್ಲೇನ್ರಿ? ಹೆಸರು ಬರೂದಿಲ್ಲ.”

ಅಲ್ಲಾಬಕ್ಷ ಕಪ್ಪನ್ನು ಬಸಿಯ ಮೇಲೆ ಇಟ್ಟರು. “ಆತ್ರಿ” ಅಂದರು.

ಓದುಗರೇ, ಈ ಪದದ ಮೇಲೆ ಪ್ರಬಂಧ ಬರೆದ ಮನುಷ್ಯ, ಕರ್ಜಗಿಯಲ್ಲಿ ಹುಟ್ಟಿ ಇದನ್ನೇ ಕೇಳುತ್ತ ಬೆಳೆದ ಮನುಷ್ಯ, ಪಟ್ಟಿಯ ಎರಡನೇ ಅರ್ಥವನ್ನು, ಒಪ್ಪಿಗೆ ಎಂದೇ, ಎತ್ತಿಕೊಂಡು ಮನೆಗೆ ಹೋದ. ಸಾಹೇಬರು ಕೊಟ್ಟದ್ದು ಆರನೆಯದು, ನೋವಾಯಿತು ಎಂಬುದು.

ಹಾವೇರಿಯ ತರಬೇತಿಯಲ್ಲಿ ಪರದೆಯ ಮೇಲೆ ಬಂತು: ‘ಕೇಸ್ ಸ್ಟಡಿ ನಾಲ್ಕು.’ ಹೆಸರಿರಲಿಲ್ಲ. ಅಲ್ಲಾಬಕ್ಷ ಮುಂದಿನ ಸಾಲಿನಲ್ಲೇ ಕೂತಿದ್ದರು. ಹಿಂದಿನಿಂದ ಯಾರೋ, “ಯಾವ ಶಾಣ್ಯಾನಪಾ ಇಂವ, ಇದಕ್ಕೂ ಆತ್ರಿ ಅಂದಾನಲ್ಲ!” ಎಂದ. ಇಡೀ ಹಾಲ್ ನಕ್ಕಿತು. ಅಲ್ಲಾಬಕ್ಷ ಕೂಡ ನಕ್ಕರು. ಆ ನಗುವನ್ನು ನೋಡಿದವರು ಡಾಕ್ಟರೊಬ್ಬರೇ.

ಚಹಾ ಬಿಡುವಿನಲ್ಲಿ ಸಾಹೇಬರು ಬಸ್ ಹತ್ತಿ ಊರಿಗೆ ಹೋದರು. ಆಮೇಲೆ ಡಾಕ್ಟರ ಫೋನ್ ಎತ್ತಲಿಲ್ಲ.

೪

ರಾಣೆಬೆನ್ನೂರಿನ ತರಬೇತಿಗೆ ಮುಂಚೆ ಡಾಕ್ಟರು ಮತ್ತೆ ಫೋನ್ ಹಚ್ಚಿದರು. ಎತ್ತಿದವರು ಸಾಹೇಬರ ಹೆಂಡತಿ ಬಿಬಿಜಾನ್.

“ಅವರು ಹೊಲದಾಗ ಅದಾರ್ರಿ.”

“ಭಾಬಿ, ನಾಳೆ ರಾಣೆಬೆನ್ನೂರಾಗ ಕ್ಲಾಸ್ ಐತಿ. ಬರ್ರಿ ಅಂತ ಹೇಳ್ರಿ. ನಾ ಒಬ್ಬನ ಅದೇನಿ.”

“ಹೇಳ್ತೇನ್ರಿ.”

“ಬರ್ತಾರೇನ್ರಿ?”

“ಅದನ್ನ ಅವರನ್ನ ಕೇಳಬೇಕ್ರಿ.” ಸ್ವಲ್ಪ ತಡೆದು, “ಉಂಡ್ರೀ?”

“ಹೂಂ ರಿ, ಆತು,” ಅಂದರು ಡಾಕ್ಟರು. ಉಂಡಿರಲಿಲ್ಲ. ಆ ಪ್ರಶ್ನೆಯನ್ನು ಅವರಿಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ.

(ಇಲ್ಲಿ ನಾನು ಡಾಕ್ಟರನ್ನು ರಾಣೆಬೆನ್ನೂರಿನ ಅರಮನೆಯಂಥ ಹೋಟೆಲಿನಲ್ಲಿ ಇಳಿಸಿದ್ದೆ, ಬಾಗಿಲಿಗೆ ಆನೆ ಕೂಡ ನಿಲ್ಲಿಸಿದ್ದೆ. ಅವರೇ ಆನೆಯನ್ನು ವಾಪಸ್ ಕಳಿಸಿದರು.) ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜು. ಕಿಟಕಿ ತೆರೆದರೆ ಪಕ್ಕದ ಗೋಡೆ. ಕೋಣೆಯಲ್ಲಿ ಎರಡು ಮಂಚ, ಯಾವಾಗಲೂ ಅದನ್ನೇ ಬುಕ್ ಮಾಡುತ್ತಿದ್ದುದರಿಂದ ಮ್ಯಾನೇಜರು ಕೇಳದೆಯೇ ಕೊಟ್ಟಿದ್ದ. ಸಾಹೇಬರು ಗೊರಕೆ ಹೊಡೆಯುತ್ತಿದ್ದರು. ಡಾಕ್ಟರು ಪ್ರತಿಸಲವೂ ಬೈಯುತ್ತಿದ್ದರು. ಈಗ ಟಿವಿ ಹಚ್ಚಿ, ದನಿ ಸಣ್ಣಗೆ ಮಾಡಿ, ಸುಮ್ಮನೆ ಮಲಗಿದರು. ಖಾಲಿ ಮಂಚದ ಕಡೆ ಮುಖ ಮಾಡಿ ಒಮ್ಮೆ, “ಸಾಹೇಬ್ರ, ನಿಮ್ಮ ಇಲ್ಲ ಅನ್ನೂದನ್ನ ನಾ ಹೆಂಗ್ ಗುರ್ತ ಹಿಡೀಬೇಕಿತ್ರಿ?” ಎಂದು ಕೇಳಿದರು. ಟಿವಿಯಲ್ಲಿ ಸಿಮೆಂಟಿನ ಜಾಹೀರಾತು ಬರುತ್ತಿತ್ತು.

೫

ಮರುದಿನ ಹಾಲಿನಲ್ಲಿ ಹತ್ತು ಸಾವಿರ ಪೊಲೀಸರು... ಸರಿ, ಇಪ್ಪತ್ತು ಚಿಲ್ಲರೆ. ಅರ್ಧ ಜನ ಫ್ಯಾನ್ ಕೆಳಗೆ ಜಾಗ ಹುಡುಕುತ್ತಿದ್ದರು. ಬ್ಯಾನರಿನಲ್ಲಿ ಇಬ್ಬರ ಹೆಸರು, ವೇದಿಕೆಯ ಮೇಲೆ ಒಬ್ಬರು.

“ಸರ್, ಸಾಹೇಬ್ರು ಎಲ್ರಿ?” ಕೇಳಿದವಳು ಕಾವೇರಿ, ಬ್ಯಾಡಗಿ ಕಡೆಯ ಸಬ್ ಇನ್ಸ್‌ಪೆಕ್ಟರ್.

“ಬರಾಕತ್ತಾರ್ರಿ,” ಅಂದರು ಡಾಕ್ಟರು, ಬಾಗಿಲು ನೋಡುತ್ತ.

ಬರಲಿಲ್ಲ. ಡಾಕ್ಟರು ತಾವೇ ಕುರ್ಚಿಯಲ್ಲಿ ಕೂತು ದಪ್ಪ ದನಿಯಲ್ಲಿ ಆರ್ಡರ್ ಕೊಟ್ಟರು. ತಾವೇ ಎದ್ದು ಎದುರು ನಿಂತು ‘ಇಲ್ಲ ಸರ್’ ಎಂದರು. ಮತ್ತೆ ಕೂತರು. ಮತ್ತೆ ಎದ್ದರು.

“ಸರ್, ನೀವ ಹೇಳಿ ನೀವ ಇಲ್ಲ ಅಂದ್ರ ಇಬ್ಬರ ನಡುವ ಜಗಳ ಬಿಡಸಾಕ ಯಾರನ್ನ ಕಳಸೂಣ್ರಿ?” ಅಂದಳು ಕಾವೇರಿ. ಎಲ್ಲರೂ ನಕ್ಕರು. ಡಾಕ್ಟರೂ ನಗಲು ನೋಡಿದರು.

“ಹೋಗ್ಲಿ ಬಿಡ್ರಿ ಸರ್, ಆ ಹೊಳಿ ದಂಡಿ ಕೇಸ್ ಸ್ಟಡಿ ತೋರಸ್ರಿ. ಹಾವೇರಿ ಬ್ಯಾಚಿನವ್ರು ಭಾಳ ಛಲೋ ಐತಿ ಅಂದ್ರು.”

ಡಾಕ್ಟರ ಹೆಬ್ಬೆರಳು ರಿಮೋಟಿನ ಮೇಲಿತ್ತು. ಅದನ್ನು ತೋರಿಸಿದರೆ ಉಳಿದ ಮಧ್ಯಾಹ್ನ ತಾನಾಗಿ ದಾಟುತ್ತದೆ, ಕಡೆಯಲ್ಲಿ ಚಪ್ಪಾಳೆಯೂ ಬೀಳುತ್ತದೆ, ಅವರಿಗೆ ಗೊತ್ತು.

“ಇಲ್ಲ,” ಅಂದರು.

“ಯಾಕ್ರಿ ಸರ್?”

“ಅದು ನಂದಲ್ಲವ್ವಾ. ಅದರ ಧಣಿನ್ನ ನಾ ಸರಿಯಾಗಿ ಕೇಳಿಲ್ಲ.”

ಡಾಕ್ಟರು ಎಲ್ಲರ ಎದುರು ಕೇಸ್ ಸ್ಟಡಿ ನಾಲ್ಕನ್ನು ಅಳಿಸಿದರು. ಮೂರರ ನಂತರ ಐದು ಬಂತು. ಬಾಗಿಲಿನಲ್ಲಿ ಯಾರೂ ಇರಲಿಲ್ಲ.

೬

ಇಲ್ಲಿಗೆ ನಿಲ್ಲಿಸಿದರೆ ನೀವು ಬೈಯುತ್ತೀರಿ. ಆದ್ದರಿಂದ ಮುಕ್ತಾಯಗಳು, ಆರಿಸಿಕೊಳ್ಳಿ.

ಮೊದಲನೆಯದು: ಅದೇ ಕ್ಷಣಕ್ಕೆ ಅಲ್ಲಾಬಕ್ಷ ಬಾಗಿಲಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಹಾಲ್ ಪೂರ್ತಿ ಎದ್ದು ಸೆಲ್ಯೂಟ್ ಹೊಡೆದ ರಭಸಕ್ಕೆ ಫ್ಯಾನುಗಳು ತಿರುಗುಮುರುಗು ತಿರುಗುತ್ತವೆ.

ಎರಡನೆಯದು: ಡಾಕ್ಟರು ಮೇಡ್ಲೇರಿಗೆ ಹೋಗುತ್ತಾರೆ, ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ, ತುಂಗಭದ್ರೆಯ ನೀರಿನ ಮಟ್ಟ ಏರಿ ಅಣೆಕಟ್ಟಿನವರು ಗೇಟ್ ಎತ್ತಬೇಕಾಗುತ್ತದೆ, ಆಗ ಅಲ್ಲಾಬಕ್ಷ ಗದ್ಗದಿತರಾಗಿ...

“ನಿಲ್ಸ್ರಿ,” ಎಂದರು ಅಲ್ಲಾಬಕ್ಷ. ಗದ್ಗದಿತರಾಗೇನೂ ಇರಲಿಲ್ಲ. “ಯಾರ್ರೀ ನೀವು?”

“ನಾನು ಕಥೆಗಾರ. ಬ್ಯಾಡಗಿಯ ಮೆಣಸಿನಕಾಯಿಯನ್ನು...”

“ಅದ ಓದೇನಿ. ಡಾಕ್ಟರು ಆ ಸ್ಲೈಡ್ ತೋರಸಲಿಲ್ಲ, ಅಳಿಸಿ ಹಾಕಿದ್ರು ಅಂತ ಬರದ್ರಿ. ಛಲೋ ಆತು. ಅದ ಕಥಿ ನೀವು ಮೂರನೇ ನಂಬರಿನಾಗ ಪೂರಾ ಹೇಳಿ ಕುಂತೀರಲ್ಲ! ಹಾಲಿನಾಗ ಇದ್ದದ್ದು ಇಪ್ಪತ್ತು ಮಂದಿ. ನೀವು ಯಾರ್ಯಾರಿಗೆ ಹೇಳೀರಿ?”

“ಅದು... ಕಥೆಗೆ ಬೇಕಿತ್ತು ಸಾಹೇಬರೇ.”

“ಅವರೂ ಮಾಡ್ಯೂಲಿಗೆ ಬೇಕು ಅಂದ್ರು. ನನ್ನ ಕೇಳೀರೇನು?”

“ಕೇಳಿದ್ದೆನಲ್ಲ! ನೀವು ಆತ್ರಿ ಅಂದಿರಿ.”

“ಯಾವಾಗ್ರಿ? ಎಲ್ಲಿ? ಯಾರ ಎದುರು?”

ಅಷ್ಟು ವರ್ಷ ಠಾಣೆಯಲ್ಲಿ ಕೂತು ಹೇಳಿಕೆ ತೆಗೆದುಕೊಂಡ ಮನುಷ್ಯ. ಮೂರು ಪ್ರಶ್ನೆ ಕೇಳಿ ಸುಮ್ಮನೆ ಕೂತುಬಿಟ್ಟರು. ನೀವೂ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದೀರಿ.

೭

ಖರೇ ಹೇಳುತ್ತೇನೆ. ಕೇಳಿಲ್ಲ.

ಕೇಳಬೇಕೆಂದು ಮೇಡ್ಲೇರಿಗೆ ಹೋಗಿದ್ದೆ, ಬೈಕಿನಲ್ಲಿ. ಅವರು ಕಾಲುವೆಯ ನೀರನ್ನು ಹೊಲಕ್ಕೆ ತಿರುಗಿಸುತ್ತಿದ್ದರು. ನನ್ನನ್ನು ಕಂಡು ಸಲಿಕೆ ನೆಟ್ಟು, “ಏನ್ ಬೇಕಾಗಿತ್ರಿ?” ಅಂದರು. “ರಾಣೆಬೆನ್ನೂರಿಗೆ ಹೆಂಗ್ ಹೋಗಬೇಕ್ರಿ?” ಅಂದೆ, ಅಲ್ಲಿಂದಲೇ ಬಂದವನು. ಅವರು ಕೈ ತೋರಿಸಿದರು. ಬಂದೆ. ನಮ್ಮ ಪರಿಚಯ ಇಷ್ಟೇ.

ಡಾಕ್ಟರನ್ನು ಮಾತ್ರ ಬಲ್ಲೆ. ಲಾಡ್ಜಿನಲ್ಲಿ ಪಕ್ಕದ ಕೋಣೆ. ಗೋಡೆ ತೆಳು. ಖಾಲಿ ಮಂಚಕ್ಕೆ ಅವರು ಕೇಳಿದ ಪ್ರಶ್ನೆ ನನಗೆ ಕೇಳಿಸಿತು. ನಾನೂ ಒಬ್ಬನೇ ಇದ್ದೆ. ಬೆಳಿಗ್ಗೆ ಚಹಾ ಕುಡಿಯುತ್ತ ಹಾವೇರಿಯ ನಗುವಿನವರೆಗೆ ಎಲ್ಲ ಹೇಳಿದರು. ಬ್ಯಾಡಗಿಯಲ್ಲಿ ಸಾಹೇಬರು ಹೇಳಿದ ಆ ಮಾತು ಏನೆಂದು ಕೇಳಿದೆ. “ಅದು ಬ್ಯಾಡ ಬಿಡ್ರಿ,” ಅಂದರು. ಸಂಗಮ, ಸಂಕ್ರಾಂತಿ, ಇಬ್ಬರು ಪೇದೆಗಳು, ಕಾರು, ಎಲ್ಲ ನಾನು ಕಟ್ಟಿದ್ದು. ಕಾವೇರಿಯ ಬಾಯಿಗೆ ಹೊಳೆಯ ದಂಡೆ ತುರುಕಿದ್ದೂ ನಾನೇ. ಆ ಹುಡುಗಿಯನ್ನು ನಾನೇ ಮುಳುಗಿಸಿದೆ, ನೀವು ಪುಟ ತಿರುವಲಿ ಎಂದು.

ಈಗ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ. ತರಬೇತಿ ಮುಗಿಸಿದ ಸಂಜೆ ಡಾಕ್ಟರ ಕಾರು ಊರಿಗೆ ಹೋಗಲು ಹಾವೇರಿಯ ಕಡೆ ತಿರುಗಲಿಲ್ಲ, ಮೇಡ್ಲೇರಿಯ ದಾರಿ ಹಿಡಿಯಿತು. ನಾನು ಹಿಂದೆ ಹೋದೆ. ಅವರು ಕಾರು ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದರು. ಕೆಸರಿನಲ್ಲಿ ಒಮ್ಮೆ ಜಾರಿದರು. ಅಲ್ಲಾಬಕ್ಷ ತಲೆ ಎತ್ತಿ ನೋಡಿದರು, ಎದುರು ಬರಲಿಲ್ಲ, ತಿರುಗಿ ಹೋಗಲೂ ಇಲ್ಲ. ಇಬ್ಬರೂ ನೀರಿನ ಆಚೆ ಈಚೆ ನಿಂತರು. ಡಾಕ್ಟರು ಏನೋ ಕೇಳಿದರು. ಸಾಹೇಬರ ತುಟಿ ಅಲುಗಿತು.

ಪಂಪ್‌ಸೆಟ್ಟು ಓಡುತ್ತಿತ್ತು. ನಾನು ರಸ್ತೆಯ ಮೇಲಿದ್ದೆ. ನನಗೆ ಕೇಳಿಸಲಿಲ್ಲ.