ಬಳಿಯದ ಗೋಡೆ

ಮೇಸ್ತ್ರಿ ಮೂವತ್ತೆರಡು ವರ್ಷದಿಂದ ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟುತ್ತಿದ್ದ. ಕಾಂಕ್ರೀಟು ಗಟ್ಟಿಯಾದ ಮೇಲೆ ಅಚ್ಚು ಬಿಚ್ಚುತ್ತಾರೆ, ಗೋಡೆಗೆ ಗಾರೆ ಬಳಿಯುತ್ತಾರೆ, ಬಣ್ಣ ಹೊಡೆಯುತ್ತಾರೆ. ಅಲ್ಲಿಗೆ ಮೇಸ್ತ್ರಿಯ ಕೈಕೆಲಸ ಪತ್ತೆಯೇ ಇಲ್ಲ. ದಾರಿಯಲ್ಲಿ ಯಾವುದಾದರೂ ಮನೆ ತೋರಿಸಿ "ಇದು ನನ್ನ ಕೆಲ್ಸ ಕಣೇ" ಅಂದರೆ ಹೆಂಡತಿ, "ಎಲ್ಲಿ? ನಂಗೆ ಬರೀ ಬಣ್ಣ ಕಾಣ್ತಿದೆ" ಅನ್ನುತ್ತಿದ್ದಳು. ತಮಾಷೆಗೇ ಅನ್ನುತ್ತಿದ್ದಳು, ಆದರೂ ಅವನಿಗೆ ಚುರುಕ್ ಅನ್ನುತ್ತಿತ್ತು.

ಹಾಗಾಗಿ, ಇಳಿಜಾರಿನ ಮೇಲಿನ ಈ ಹೊಸ ಮನೆಯ ಹಜಾರಕ್ಕೆ ಗಾರೆಯೂ ಬೇಡ, ಬಣ್ಣವೂ ಬೇಡ, ಅಚ್ಚಿನಿಂದ ಬಂದ ಗೋಡೆಯೇ ಕಾಣಬೇಕು ಎಂದು ಆರ್ಕಿಟೆಕ್ಟ್ ಮೇಡಂ ಹೇಳಿದಾಗ ಮೇಸ್ತ್ರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯ ಯಜಮಾನರು ಮಾತ್ರ ಮುಖ ಗಂಟಿಕ್ಕಿಕೊಂಡೇ ಒಪ್ಪಿದ್ದರು. "ಒಂದ್ಸಲ ನೋಡ್ತೀನಿ. ಸರಿ ಬರ್ಲಿಲ್ಲ ಅಂದ್ರೆ ಅವತ್ತೇ ಗಾರೆಯವನನ್ನ ಕರೆಸ್ತೀನಿ."

ಕಾಣುವ ಗೋಡೆ ಅಂದಮೇಲೆ ಮರ್ಯಾದೆಯ ಪ್ರಶ್ನೆ. ಯಾರೂ ಹೇಳದಿದ್ದರೂ ಮೇಸ್ತ್ರಿ ನಾಲ್ಕು ದಿನ ಕೂತು, ಹಲಗೆ ಹಲಗೆಗೂ ಕೀಸುಳಿ ಹಿಡಿದು ಕನ್ನಡಿಯ ಹಾಗೆ ನುಣುಪು ಮಾಡಿ ಅಚ್ಚು ನಿಲ್ಲಿಸಿದ. ಬುಧವಾರ ಬೆಳಿಗ್ಗೆ ಬಂದ ಮೇಡಂ ಅದರ ಒಳಮೈ ಸವರಿ ನೋಡಿದವರೇ ತಲೆ ಮೇಲೆ ಕೈ ಹೊತ್ತರು.

"ಏನ್ ಮಾಡ್ಬಿಟ್ರಿ ಮೇಸ್ತ್ರಿ! ನಂಗೆ ಬೇಕಾಗಿದ್ದೇ ಆ ಒರಟು. ಗರಗಸದ ಗೀರು, ಮರದ ಗಂಟು, ಎಲ್ಲಾ ಗೋಡೆ ಮೇಲೆ ಮೂಡ್ಬೇಕಿತ್ತು. ಎದುರುಗಡೆ ಪೂರ್ತಿ ಗಾಜು. ಸಂಜೆ ಬಿಸಿಲು ಓರೆಯಾಗಿ ಬಿದ್ರೆ ಕಾಣೋದು ಅದೇ."

"ಒರಟು ಹಲಗೆ ನಿಲ್ಸಿದ್ರೆ ಇವನಿಗೆ ಕೆಲ್ಸ ಬರಲ್ಲ ಅಂತಾರೆ ಜನ!" ಮೇಸ್ತ್ರಿ ರೇಗಿದ.

"ಹೋಗ್ಲಿ ಬಿಡಿ. ನಾಡಿದ್ದು ಕಾಂಕ್ರೀಟ್ ಲಾರಿ ಬರುತ್ತೆ. ಹೀಗೇ ಸುರಿಯೋಣ." ಮೇಡಂ ದನಿಯಲ್ಲಿ ಜೀವವಿರಲಿಲ್ಲ. ನುಣ್ಣಗಿನ ಗೋಡೆ ಕಂಡರೆ ಯಜಮಾನರು ಏನನ್ನುತ್ತಾರೆಂದು ಇಬ್ಬರಿಗೂ ಗೊತ್ತಿತ್ತು: ಇದಕ್ಕೂ ಗಾರೆಗೂ ಏನು ವ್ಯತ್ಯಾಸ, ಬಳಿದೇಬಿಡಿ.

ಮೇಸ್ತ್ರಿ ಮರಳಿನ ಗುಡ್ಡೆಯ ಮೇಲೆ ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದು ಹೋಗಿ ಒಂದು ಹಲಗೆಯ ಹಿಂಬದಿ ಸವರಿದ. ಅಲ್ಲಿಗೆ ಕೀಸುಳಿ ಮುಟ್ಟಿರಲಿಲ್ಲ. ಗೀರು, ಗಂಟು ಎಲ್ಲ ಹಾಗೇ ಇದ್ದವು.

"ಬಿಚ್ರೋ ಎಲ್ಲಾ!" ಎಂದು ತನ್ನ ಆಳುಗಳನ್ನು ಕೂಗಿದ. "ಒಂದೊಂದು ಹಲಗೆನೂ ಮಗುಚಿ ಹೊಡೀಬೇಕು. ಲಾರಿ ಬರೋದ್ರೊಳಗೆ."

"ಆಗುತ್ತಾ ಮೇಸ್ತ್ರಿ?" ಮೇಡಂ ಕೇಳಿದರು.

"ಆಗುತ್ತಾ ಆಗುತ್ತಾ ಅಂತ ನಿಂತ್ರೆ ಆಗಲ್ಲ. ಬನ್ನಿ, ಮೊಳೆ ಕೀಳಿ."

ಮೇಡಂ ನಿಜಕ್ಕೂ ತೋಳೇರಿಸಿ ಮೊಳೆ ಕಿತ್ತರು. ಎರಡು ದಿನ ಯಾರೂ ಸರಿಯಾಗಿ ಕೂತು ಊಟ ಮಾಡಲಿಲ್ಲ. ಶುಕ್ರವಾರ ಲಾರಿಯ ಹಾರ್ನ್ ಕೇಳಿದಾಗ ಮೇಸ್ತ್ರಿ ಕೊನೆಯ ಹಲಗೆ ಬಿಗಿಯುತ್ತಿದ್ದ. ಅಂಗೈ ತುಂಬ ಬೊಬ್ಬೆ. ಕಾಂಕ್ರೀಟು ಇಳಿಯುವಷ್ಟು ಹೊತ್ತೂ ಅಚ್ಚಿಗೆ ಕಿವಿಗೊಟ್ಟು, ಸದ್ದು ಟೊಳ್ಳಾದಲ್ಲೆಲ್ಲ ಸುತ್ತಿಗೆಯಿಂದ ಬಡಿದ.

ಸೋಮವಾರ ಅಚ್ಚು ಬಿಚ್ಚುವಾಗ ಯಜಮಾನರೂ ಬಂದರು. ಗಾರೆಯವನನ್ನು ಜೊತೆಗೇ ಕರೆತಂದಿದ್ದರು, ನಂಬಿಕೆ ಅಂದರೆ ಅಷ್ಟಿತ್ತು ಅವರಿಗೆ! ಹಲಗೆಗಳು ಒಂದೊಂದಾಗಿ ಕಳಚಿದವು. ಬೂದುಬಣ್ಣದ ಗಟ್ಟಿ ಗೋಡೆಯ ತುಂಬ ಮರದ ಗೆರೆ, ಗಂಟು, ಗರಗಸದ ಗೀರು. ಎದೆಯ ಎತ್ತರದಲ್ಲಿ ಮಾತ್ರ ಒಂದು ಪಟ್ಟಿ ನುಣ್ಣಗಿತ್ತು.

"ನೋಡಿ, ಇಲ್ಲೊಂದು ಬೋಳು," ಯಜಮಾನರು ಬೆರಳಿಟ್ಟರು. "ನಾನು ಹೇಳ್ಲಿಲ್ವಾ? ಬಳಿಸ್ಬಿಡೋಣ."

ಮೇಡಂ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಗೋಡೆಗೂ ಗಾರೆಯವನಿಗೂ ನಡುವೆ ಹೋಗಿ ನಿಂತ. ಮನೆ ಕಟ್ಟಿಸುವವರ ಎದುರು ಅವನು ಯಾವತ್ತೂ ದನಿ ಎತ್ತಿದವನಲ್ಲ.

"ಒಂದು ಹಲಗೆ ಮಗುಚೋದು ಮರ್ತಿದ್ದೀನಿ ಸ್ವಾಮಿ. ತಪ್ಪು ನಂದೇ. ಬೇಡ ಅಂದ್ರೆ ಒಡೆಸಿ, ಮತ್ತೆ ಅಚ್ಚು ಕಟ್ಕೊಡ್ತೀನಿ. ಮುಚ್ಚೋಕೆ ಮಾತ್ರ ಬಿಡಲ್ಲ."

ಯಜಮಾನರು ಅವನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಗೋಡೆಗೆ ಅಂಗೈ ಊರಿ, ಈ ತುದಿಯಿಂದ ಆ ತುದಿಯವರೆಗೆ ಸವರುತ್ತಾ ನಿಧಾನವಾಗಿ ನಡೆದುಹೋದರು. ವಾಪಸು ಬರುವಾಗಲೂ ಕೈ ತೆಗೆಯಲಿಲ್ಲ.

"ಒಡೆಯೋದೆಲ್ಲ ಬೇಡ," ಎಂದವರು ಗಾರೆಯವನ ಕಡೆ ತಿರುಗಿದರು. "ನೀನು ಹೋಗಿ ಕಾಂಪೌಂಡ್ ನೋಡ್ಕೋ."

ಮೇಸ್ತ್ರಿ ಗೋಡೆಗೆ ಒರಗಿ ಅಲ್ಲೇ ಕೂತು ಹೆಂಡತಿಗೆ ಫೋನ್ ಮಾಡಿದ.

"ಈಗ್ಲೇ ಬಸ್ ಹತ್ತೇ," ಅಂದ. "ಒಬ್ಳೇ ಬರ್ಬೇಡ. ಅಕ್ಕಪಕ್ಕದವ್ರನ್ನೆಲ್ಲ ಕರ್ಕೊಂಡು ಬಾ."